ಎಸ್‌ಕ್ಯೂಲೈಟ್ ಫೈಲ್ ‘ರೀಡ್‌ಓನ್ಲಿ’ ಎನ್ನುತ್ತಿದೆ: ತಡೆಯುತ್ತಿರುವುದು ಯಾರು, ಸಿ ಕಡೆಯಿಂದ ಬದಲಿಸುವುದು ಹೇಗೆ?

ಪ್ರಶ್ನೆ: ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡ ನಮ್ಮದು. ದರಪಟ್ಟಿ ಒಂದು ಎಸ್‌ಕ್ಯೂಲೈಟ್ (ಇಡೀ ಡೇಟಾಬೇಸನ್ನು ಒಂದೇ ಫೈಲ್‌ನಲ್ಲಿ ಇಡುವ ಲೈಬ್ರರಿ) ಫೈಲ್‌ನಲ್ಲಿದೆ. ಕೌಂಟರ್‌ಗಳಲ್ಲಿ ಅದನ್ನು ಓದಿದರೆ ಸಾಕು. ದರ ತಿದ್ದುವುದು ವಾರಕ್ಕೊಮ್ಮೆ, ಆಫೀಸಿನಲ್ಲಿ ಮಾತ್ರ. ಲಿನಕ್ಸ್‌ನಲ್ಲಿ ಫೈಲ್‌ಗೆ 444 ಪರ್ಮಿಷನ್ (ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ) ಕೊಟ್ಟಿದ್ದೇವೆ. ತಿದ್ದುವ ಹೊತ್ತಿಗೆ ನಮ್ಮ ಸಿ ಪ್ರೋಗ್ರಾಂ ಅದನ್ನು 644ಕ್ಕೆ (ಫೈಲ್‌ನ ಒಡೆಯ ಬರೆಯಬಹುದು) ಬದಲಾಯಿಸಿ ಅಪ್‌ಡೇಟ್ ಓಡಿಸುತ್ತದೆ. ಆದರೂ ‘ಅಟೆಂಪ್ಟ್ ಟು ರೈಟ್ ಎ ರೀಡ್‌ಓನ್ಲಿ ಡೇಟಾಬೇಸ್’ ಎಂಬ ಎರರ್ ಬರುತ್ತದೆ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದರೆ ಕೆಲವು ಕಡೆ ಸರಿಹೋಗುತ್ತದೆ, ಕೆಲವು ಕಡೆ ಇಲ್ಲ. ತೆರೆದಿರುವ ಡೇಟಾಬೇಸ್‌ನ ರೈಟ್ ಪ್ರೊಟೆಕ್ಷನ್ ತೆಗೆಯಲು, ಮತ್ತೆ ಹಾಕಲು ಲೈಬ್ರರಿಯಲ್ಲಿ ಯಾವ ಫಂಕ್ಷನ್ ಇದೆ? ಇನ್ನೊಂದು: ಕೌಂಟರ್‌ಗೆ ಕಳಿಸಿದ ಫೈಲ್ ಯಾವ ಕಂಪ್ಯೂಟರ್‌ಗೆ ಹೋದರೂ ರೀಡ್‌ಓನ್ಲಿ ಆಗಿಯೇ ಉಳಿಯುವಂತೆ ಫೈಲ್‌ನೊಳಗೇ ಏನಾದರೂ ಮಾಡಬಹುದೇ?

ಉತ್ತರ: ನೀವು ಹುಡುಕುತ್ತಿರುವ ಫಂಕ್ಷನ್ ಇಲ್ಲ. ರೀಡ್‌ಓನ್ಲಿ ಆಗಿ ತೆರೆದುಕೊಂಡ ಕನೆಕ್ಷನ್ ಮುಚ್ಚುವವರೆಗೂ ರೀಡ್‌ಓನ್ಲಿಯೇ. ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ‘ಆಗುತ್ತದೆ’ ಎಂಬ ಉತ್ತರವಿದೆ. ಫೈಲ್‌ನ ಒಂದೇ ಒಂದು ಬೈಟ್ ಬದಲಿಸಿದರೆ ಸಾಕು. ಅಲ್ಲಿಗೆ ಹೋಗುವ ಮೊದಲು ನಿಮ್ಮ ಎರರ್‌ನ ಮೂಲ ನೋಡೋಣ, ಏಕೆಂದರೆ ‘ರೈಟ್ ಪ್ರೊಟೆಕ್ಷನ್’ ಎಂದು ನೀವು ಒಂದೇ ಹೆಸರಿನಲ್ಲಿ ಕರೆಯುತ್ತಿರುವುದು ಎಸ್‌ಕ್ಯೂಲೈಟ್‌ನಲ್ಲಿ ಐದಾರು ಬೇರೆ ಬೇರೆ ಜಾಗಗಳಲ್ಲಿ ಕೂತಿದೆ. ಒಂದು ಜಾಗದಲ್ಲಿ ಹಾಕಿದ್ದನ್ನು ಇನ್ನೊಂದು ಜಾಗದಲ್ಲಿ ತೆಗೆಯಲು ಹೊರಟರೆ ದಿನವಿಡೀ ಕೂತರೂ ಆಗದು.

(ಲೈಬ್ರರಿಯ ಎಲ್ಲ ಫಂಕ್ಷನ್‌ಗಳ ಹೆಸರೂ ‘ಎಸ್‌ಕ್ಯೂಲೈಟ್3_’ ಎಂದೇ ಶುರುವಾಗುತ್ತದೆ. ಓದಲು ಸುಲಭವಾಗಲೆಂದು ಆ ತಲೆಭಾಗವನ್ನು ಬಿಟ್ಟು ಬರೆಯುತ್ತೇನೆ. ಫ್ಲ್ಯಾಗ್‌ಗಳ ಹೆಸರಿನ ಮೊದಲಿಗೆ ಬರುವ ‘ಎಸ್‌ಕ್ಯೂಲೈಟ್_’ ಅನ್ನೂ ಹಾಗೆಯೇ ಬಿಟ್ಟಿದ್ದೇನೆ.)

ನೀವು ಬಹುಶಃ ಹಳೆಯ ‘ಓಪನ್’ ಫಂಕ್ಷನ್ ಬಳಸುತ್ತಿದ್ದೀರಿ. ‘ಓಪನ್_ವಿ2’ಗೆ ‘ಓಪನ್_ರೀಡ್‌ರೈಟ್’ ಮತ್ತು ‘ಓಪನ್_ಕ್ರಿಯೇಟ್’ ಎರಡೂ ಫ್ಲ್ಯಾಗ್ ಕೊಟ್ಟು ಕರೆದಂತೆಯೇ ಅದು. ಇಲ್ಲಿ ‘ರೀಡ್‌ರೈಟ್’ ಎನ್ನುವುದು ಆಜ್ಞೆಯಲ್ಲ, ಕೋರಿಕೆ. ಲೈಬ್ರರಿ ಮೊದಲು ಫೈಲನ್ನು ಓದಲು-ಬರೆಯಲು ತೆರೆಯಲು ನೋಡುತ್ತದೆ. ಆಪರೇಟಿಂಗ್ ಸಿಸ್ಟಂ ಒಪ್ಪದಿದ್ದರೆ ಸುಮ್ಮನೆ ಓದಲು ಮಾತ್ರ ತೆರೆದು, ‘ಓಕೆ’ ಎಂದು ಸೊನ್ನೆ ಹಿಂದಿರುಗಿಸುತ್ತದೆ. ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಇದೇ ನಡತೆ. ನಿಮ್ಮ ಫೈಲ್ 444 ಇದ್ದಾಗ ಪ್ರೋಗ್ರಾಂ ಶುರುವಾಯಿತು, ಕನೆಕ್ಷನ್ ಓದಲು ಮಾತ್ರ ತೆರೆಯಿತು, ನಿಮಗೆ ಯಾವ ಸೂಚನೆಯೂ ಸಿಗಲಿಲ್ಲ. ಆಮೇಲೆ ನೀವು 644 ಮಾಡಿದಿರಿ. ಯೂನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ಪರ್ಮಿಷನ್ ನೋಡುವುದು ಫೈಲ್ ತೆರೆಯುವ ಗಳಿಗೆಯಲ್ಲಿ ಮಾತ್ರ. ಟಾಕೀಸಿನ ಗೇಟಿನಲ್ಲಿ ಟಿಕೆಟ್ ನೋಡಿ ಬಾಲ್ಕನಿಗೋ ಕೆಳಗಿನ ಕ್ಲಾಸಿಗೋ ಬಿಟ್ಟ ಮೇಲೆ ಹೊರಗಿನ ಬೋರ್ಡಿನಲ್ಲಿ ದರ ಬದಲಾದರೆ ಒಳಗೆ ಕೂತವನ ಸೀಟು ಬದಲಾಗುವುದಿಲ್ಲವಲ್ಲ, ಹಾಗೆ. ಕೈಯಲ್ಲಿರುವ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಸಿಸ್ಟಂ ಕೊಟ್ಟ ಹಿಡಿಕೆ) ಓದಲು ಮಾತ್ರ ತೆರೆದದ್ದು, ಅದು ಹಾಗೆಯೇ ಉಳಿಯುತ್ತದೆ.

ಇದರ ತಿರುಗುಮುರುಗೂ ನಿಜ, ಮತ್ತು ಅದು ಇನ್ನೂ ಅಪಾಯದ್ದು. ಬರೆಯಲು ತೆರೆದ ಕನೆಕ್ಷನ್ ಇರುವಾಗ ನೀವು 444 ಮಾಡಿದರೆ ಆ ಕನೆಕ್ಷನ್ ಆರಾಮಾಗಿ ಬರೆಯುತ್ತಲೇ ಇರುತ್ತದೆ. ‘ತಿದ್ದಿ ಆಯಿತು, ಬೀಗ ಹಾಕಿದೆವು’ ಎಂದು ನಿಮ್ಮ ಕೋಡ್ ಅಂದುಕೊಳ್ಳುತ್ತದೆ, ಬೀಗ ಬಿದ್ದಿರುವುದಿಲ್ಲ.

ಹಾಗಾಗಿ ಮೊದಲ ತಿದ್ದುಪಡಿ ಇದು: ‘ಓಪನ್’ ಬಿಡಿ, ‘ಓಪನ್_ವಿ2’ ಹಿಡಿಯಿರಿ. ಕೌಂಟರ್ ಪ್ರೋಗ್ರಾಂನಲ್ಲಿ ‘ಓಪನ್_ರೀಡ್‌ಓನ್ಲಿ’, ಆಫೀಸಿನದರಲ್ಲಿ ‘ಓಪನ್_ರೀಡ್‌ರೈಟ್’ ಮಾತ್ರ. ‘ಓಪನ್_ಕ್ರಿಯೇಟ್’ ಎರಡರಲ್ಲೂ ಬೇಡ. ಅದಿದ್ದರೆ ಫೈಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಹೊಸದೊಂದು ಖಾಲಿ ಡೇಟಾಬೇಸ್ ಹುಟ್ಟಿಕೊಂಡು, ‘ಟೇಬಲ್ ಇಲ್ಲ’ ಎಂಬ ದಿಕ್ಕುತಪ್ಪಿಸುವ ಎರರ್ ಬರುತ್ತದೆ. ತೆರೆದ ಕೂಡಲೇ ‘ಡಿಬಿ_ರೀಡ್‌ಓನ್ಲಿ’ ಫಂಕ್ಷನ್ ಕರೆದು, ಡೇಟಾಬೇಸ್ ಹೆಸರಾಗಿ ‘ಮೇನ್’ ಕೊಡಿ. 1 ಬಂದರೆ ಓದಲು ಮಾತ್ರ, 0 ಬಂದರೆ ಬರೆಯಬಹುದು, ಆ ಹೆಸರಿನ ಡೇಟಾಬೇಸೇ ಕನೆಕ್ಷನ್‌ನಲ್ಲಿ ಇಲ್ಲದಿದ್ದರೆ -1. ಆಫೀಸಿನ ಪ್ರೋಗ್ರಾಂನಲ್ಲಿ 1 ಬಂದರೆ ಅಲ್ಲೇ ನಿಲ್ಲಿಸಿ, ಬಳಸುವವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಅರ್ಧ ಗಂಟೆ ದರ ಟೈಪ್ ಮಾಡಿದ ಮೇಲೆ ಸೇವ್ ಒತ್ತಿದಾಗ ಹೇಳುವುದಲ್ಲ.

ಪರ್ಮಿಷನ್ ಬದಲಿಸುವುದು ನಿಮಗೆ ಬೇಕೇ ಬೇಕು ಎಂದಾದರೆ ಕ್ರಮ ಹೀಗಿರಬೇಕು: ಎಲ್ಲ ಸ್ಟೇಟ್‌ಮೆಂಟ್‌ಗಳನ್ನು (ಓಡಿಸಲು ತಯಾರಿಸಿಟ್ಟ ಎಸ್‌ಕ್ಯೂಎಲ್ ಆಜ್ಞೆಗಳನ್ನು) ‘ಫೈನಲೈಸ್’ ಮಾಡಿ, ಕನೆಕ್ಷನ್ ಮುಚ್ಚಿ, ಪರ್ಮಿಷನ್ ಬದಲಿಸಿ, ಹೊಸದಾಗಿ ತೆರೆಯಿರಿ. ಮುಚ್ಚಲು ‘ಕ್ಲೋಸ್’ ಬಳಸಿ, ‘ಕ್ಲೋಸ್_ವಿ2’ ಬೇಡ. ಫೈನಲೈಸ್ ಆಗದ ಸ್ಟೇಟ್‌ಮೆಂಟ್ ಎಲ್ಲಾದರೂ ಉಳಿದಿದ್ದರೆ ‘ಕ್ಲೋಸ್’ 5 ಎಂಬ ಬಿಝಿ ಕೋಡ್ ಕೊಟ್ಟು ಮುಚ್ಚಲು ಒಪ್ಪುವುದಿಲ್ಲ. ನಿಮಗೆ ಬೇಕಾದದ್ದೂ ಅದೇ. ‘ಕ್ಲೋಸ್_ವಿ2’ ಆದರೆ ಎಲ್ಲ ಸರಿ ಎಂದು ಹೇಳಿ, ಕೊನೆಯ ಸ್ಟೇಟ್‌ಮೆಂಟ್ ಸಾಯುವವರೆಗೆ ಹಳೆಯ ಕನೆಕ್ಷನ್ನನ್ನು ಹಿನ್ನೆಲೆಯಲ್ಲಿ ಜೀವಂತ ಇಟ್ಟುಕೊಂಡಿರುತ್ತದೆ. ಬೇರೆ ಸಂದರ್ಭಗಳಲ್ಲಿ ಅದು ಅನುಕೂಲ, ಇಲ್ಲಿ ತೊಂದರೆ. ಮರೆತ ಸ್ಟೇಟ್‌ಮೆಂಟ್ ಯಾವುದೆಂದು ಹುಡುಕಲು ‘ನೆಕ್ಸ್ಟ್_ಎಸ್‌ಟಿಎಂಟಿ’ ಇದೆ.

ಇನ್ನು ‘ಮುಚ್ಚಿ ತೆರೆದರೂ ಕೆಲವು ಕಡೆ ಆಗುವುದಿಲ್ಲ’ ಎಂದಿರಿ. ಅಲ್ಲಿ ಫೈಲ್ ಅಲ್ಲ, ಫೋಲ್ಡರ್ ನೋಡಿ. ಬರೆಯುವ ಮುಂಚೆ ಎಸ್‌ಕ್ಯೂಲೈಟ್ ಅದೇ ಫೋಲ್ಡರಿನಲ್ಲಿ, ಡೇಟಾಬೇಸ್ ಹೆಸರಿನ ಕೊನೆಗೆ ‘-ಜರ್ನಲ್’ ಸೇರಿಸಿದ ಇನ್ನೊಂದು ಫೈಲ್ ಮಾಡುತ್ತದೆ. ಬದಲಾಗಲಿರುವ ಪೇಜ್‌ಗಳ ಹಳೆಯ ರೂಪ ಅದರಲ್ಲಿರುತ್ತದೆ. ನಡುವೆ ಕರೆಂಟ್ ಹೋದರೆ ಹಿಂದಿನ ಸ್ಥಿತಿಗೆ ಮರಳಲು ಅದೇ ಆಧಾರ. ಫೈಲ್ 644 ಇದ್ದು ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡುವ ಹಕ್ಕು ನಿಮ್ಮ ಪ್ರೋಗ್ರಾಂಗೆ ಇಲ್ಲದಿದ್ದರೆ ಜರ್ನಲ್ ಹುಟ್ಟುವುದಿಲ್ಲ, ಬರಹವೂ ಆಗುವುದಿಲ್ಲ. ಲಿನಕ್ಸ್‌ನಲ್ಲಿ ರೂಟ್ (ಎಲ್ಲ ಹಕ್ಕೂ ಇರುವ ಆಡಳಿತ ಖಾತೆ) ಒಡೆತನದ ಫೋಲ್ಡರ್‌ನಲ್ಲಿ, ವಿಂಡೋಸ್‌ನಲ್ಲಿ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಡೇಟಾ ಇಟ್ಟವರಿಗೆಲ್ಲ ಇದೇ ಗೋಳು. ಡೇಟಾವನ್ನು ಬೇರೆ ಫೋಲ್ಡರಿಗೆ ಒಯ್ದು, ಆ ಫೋಲ್ಡರಿನ ಒಡೆತನ ಸರಿಮಾಡಿ. ಜರ್ನಲ್ ಮೋಡನ್ನು ‘ಮೆಮೊರಿ’ ಅಥವಾ ‘ಆಫ್’ ಮಾಡಿ ತಪ್ಪಿಸಿಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಎರರ್ ಹೋಗುತ್ತದೆ ನಿಜ, ಬರೆಯುತ್ತಿರುವಾಗ ಯುಪಿಎಸ್ ಕೈಕೊಟ್ಟ ದಿನ ಡೇಟಾಬೇಸೂ ಹೋಗುತ್ತದೆ.

ಊಹೆಯ ಬದಲು ಲೈಬ್ರರಿಯನ್ನೇ ಕೇಳಬಹುದು. ನಿಮಗೆ ಕಾಣುತ್ತಿರುವ ಎರರ್‌ನ ಮೂಲ ಸಂಖ್ಯೆ 8. ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ಎರರ್ ಬಂದ ಕೂಡಲೇ ‘ಎಕ್ಸ್‌ಟೆಂಡೆಡ್_ಎರ್‌ಕೋಡ್’ ಫಂಕ್ಷನ್ ಕರೆದರೆ ಇನ್ನೂ ವಿವರವಾದ ಸಂಖ್ಯೆ ಸಿಗುತ್ತದೆ. 1544 ಬಂದರೆ ಈಗ ಹೇಳಿದ ಫೋಲ್ಡರ್ ಸಮಸ್ಯೆ. 1032 ಬಂದರೆ ನೀವು ತೆರೆದ ಮೇಲೆ ಯಾರೋ ಡೇಟಾಬೇಸ್ ಫೈಲನ್ನು ಸರಿಸಿದ್ದಾರೆ, ಇಲ್ಲವೇ ಹೆಸರು ಬದಲಿಸಿದ್ದಾರೆ. ಬರೆದರೆ ಎಲ್ಲಿಗೆ ಹೋಗುತ್ತದೋ ತಿಳಿಯದ ಸ್ಥಿತಿಯಲ್ಲಿ ಲೈಬ್ರರಿ ಬರೆಯಲು ಒಪ್ಪುವುದಿಲ್ಲ. ಬರೀ 8 ಬಂದರೆ ಕನೆಕ್ಷನ್ನೇ ಓದಲು ಮಾತ್ರ ತೆರೆದಿದೆ, ಅಥವಾ ಕೆಳಗೆ ಹೇಳುವ ಇನ್ನೆರಡು ಕಾರಣಗಳಲ್ಲೊಂದು. ಮೂಲ ಕೋಡ್ 5 ಅಥವಾ 6 ಬಂದರೆ ಅದು ರೈಟ್ ಪ್ರೊಟೆಕ್ಷನ್ ಅಲ್ಲವೇ ಅಲ್ಲ, ಇನ್ನೊಂದು ಕನೆಕ್ಷನ್ (6 ಆದರೆ ನಿಮ್ಮದೇ ಕನೆಕ್ಷನ್‌ನ ಇನ್ನೊಂದು ಸ್ಟೇಟ್‌ಮೆಂಟೂ ಇರಬಹುದು) ಡೇಟಾಬೇಸನ್ನು ಹಿಡಿದುಕೊಂಡಿದೆ ಎಂದು ಅರ್ಥ. ಆ ಕೆಲಸ ಮುಗಿದ ಮೇಲೆ ಮತ್ತೆ ನೋಡಬೇಕಷ್ಟೇ. ಇದನ್ನು ‘ಫೈಲ್ ಲಾಕ್ ಆಗಿದೆ’ ಎಂದು ತಿಳಿದು ಪರ್ಮಿಷನ್ ತಿದ್ದಲು ಹೋಗುವವರು ಕಡಿಮೆಯಿಲ್ಲ.

776 ಎಂಬ ಸಂಖ್ಯೆಗೆ ಮಾತ್ರ ಬೇರೆಯಾಗಿಯೇ ಗಮನ ಕೊಡಿ. ತಮಾಷೆಯೆಂದರೆ ಇದು ಓದುವಾಗಲೂ ಬರುತ್ತದೆ. ಬರೆಯುತ್ತಿದ್ದಾಗ ಕರೆಂಟ್ ಹೋಗಿ ಜರ್ನಲ್ ಹಾಗೆಯೇ ಉಳಿದಿದೆ ಎನ್ನಿ. ಮುಂದಿನ ಸಲ ತೆರೆದವರು ಆ ಜರ್ನಲ್ ನೋಡಿ ಹಳೆಯ ಪೇಜ್‌ಗಳನ್ನು ಡೇಟಾಬೇಸ್‌ಗೆ ವಾಪಸ್ ಬರೆಯಬೇಕು, ಆಮೇಲೆಯೇ ಓದಬಹುದು. ತೆರೆದವರಿಗೆ ಬರೆಯುವ ಹಕ್ಕಿಲ್ಲದಿದ್ದರೆ? ಆಗ ಸಾದಾ ಸೆಲೆಕ್ಟ್ ಕೂಡ ‘ರೀಡ್‌ಓನ್ಲಿ’ ಎಂಬ ದೂರಿನೊಂದಿಗೆ ಸೋಲುತ್ತದೆ. ಪರಿಹಾರ ಸುಲಭ: ಬರೆಯುವ ಹಕ್ಕಿರುವ ಪ್ರೋಗ್ರಾಂನಿಂದ ಒಮ್ಮೆ ತೆರೆದು ಏನನ್ನಾದರೂ ಓದಿದರೆ ಚೇತರಿಕೆ ತಾನಾಗಿ ನಡೆಯುತ್ತದೆ. ಜರ್ನಲ್ ಫೈಲನ್ನು ‘ಕಸ’ ಎಂದು ಡಿಲೀಟ್ ಮಾಡಬೇಡಿ. ಅರ್ಧ ಬರೆದ ಡೇಟಾಬೇಸನ್ನು ರಿಪೇರಿ ಮಾಡುವ ಏಕೈಕ ದಾರಿಯನ್ನು ಕೈಯಾರೆ ಅಳಿಸಿದಂತೆ ಆಗುತ್ತದೆ. ಫೈಲನ್ನು ಬೇರೆ ಕಡೆ ಕಾಪಿ ಮಾಡುವಾಗಲೂ ಜರ್ನಲ್ ಇದ್ದರೆ ಎರಡೂ ಜೊತೆಗೇ ಹೋಗಬೇಕು.

ಈಗ ನಿಮ್ಮ ಮೊದಲ ಪ್ರಶ್ನೆಯ ನಿಜವಾದ ಉದ್ದೇಶಕ್ಕೆ ಬರೋಣ. ಆಫೀಸಿನ ಪ್ರೋಗ್ರಾಂ ವಾರವಿಡೀ ತೆರೆದೇ ಇರುತ್ತದೆ, ತಿದ್ದುವ ಹತ್ತು ನಿಮಿಷ ಬಿಟ್ಟರೆ ಉಳಿದ ಹೊತ್ತು ಕೈತಪ್ಪಿಯೂ ಏನೂ ಬರೆಯಬಾರದು. ನಿಮಗೆ ಬೇಕಿರುವುದು ಇಷ್ಟೇ ಅಲ್ಲವೇ? ಅದಕ್ಕೆ ಸಿಎಚ್‌ಮಾಡ್ (ಪರ್ಮಿಷನ್ ಬದಲಿಸುವ ಆಜ್ಞೆ) ಬೇಡವೇ ಬೇಡ. ಬರೆಯುವ ಹಕ್ಕಿನೊಂದಿಗೇ ತೆರೆದು, ‘ಎಕ್ಸೆಕ್’ ಮೂಲಕ ‘ಪ್ರಾಗ್ಮಾ ಕ್ವೆರಿ_ಓನ್ಲಿ = ಆನ್’ ಓಡಿಸಿ (ಪ್ರಾಗ್ಮಾ ಎಂದರೆ ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಬದಲಿಸುವ ಆಜ್ಞೆ). ಆ ಕ್ಷಣದಿಂದ ಆ ಕನೆಕ್ಷನ್‌ನಲ್ಲಿ ಇನ್ಸರ್ಟ್, ಅಪ್‌ಡೇಟ್, ಡಿಲೀಟ್, ಕ್ರಿಯೇಟ್, ಡ್ರಾಪ್ ಎಲ್ಲವೂ ಅದೇ 8ನೇ ನಂಬರಿನ ಎರರ್‌ನೊಂದಿಗೆ ನಿಲ್ಲುತ್ತವೆ. ತಿದ್ದುವ ಹೊತ್ತಿಗೆ ‘ಆಫ್’ ಮಾಡಿ, ಟ್ರಾನ್ಸಾಕ್ಷನ್ ಮುಗಿಸಿ, ಮತ್ತೆ ‘ಆನ್’ ಮಾಡಿ. ತೆರೆದ ಕನೆಕ್ಷನ್‌ನಲ್ಲಿ ಮುಚ್ಚದೆ ಹಾಕಿ ತೆಗೆಯಬಹುದಾದ ರೈಟ್ ಪ್ರೊಟೆಕ್ಷನ್ ಸ್ವಿಚ್ ಎಂದರೆ ಇದೇ.

ಅದರ ಮಿತಿಯೂ ತಿಳಿದಿರಲಿ. ಇದು ಆ ಒಂದು ಕನೆಕ್ಷನ್‌ಗೆ ಸೇರಿದ್ದು. ಫೈಲ್‌ನಲ್ಲಿ ದಾಖಲಾಗುವುದಿಲ್ಲ, ಬೇರೆ ಪ್ರೋಗ್ರಾಂಗೆ ತಗಲುವುದಿಲ್ಲ, ಮುಚ್ಚಿದರೆ ಹೋಗುತ್ತದೆ. ‘ಡಿಬಿ_ರೀಡ್‌ಓನ್ಲಿ’ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ವೆರಿ_ಓನ್ಲಿ ಆನ್ ಇದ್ದರೂ 0 ಎಂದೇ ಹೇಳುತ್ತದೆ. ವಾಲ್ ಮೋಡ್‌ನಲ್ಲಿ (ಬದಲಾವಣೆಗಳನ್ನು ಮೊದಲು ಪಕ್ಕದ ‘-ವಾಲ್’ ಫೈಲ್‌ಗೆ ಬರೆಯುವ ವಿಧಾನ) ಚೆಕ್‌ಪಾಯಿಂಟ್, ಅಂದರೆ ಅವನ್ನು ಮುಖ್ಯ ಫೈಲ್‌ಗೆ ಸೇರಿಸುವ ಕೆಲಸ, ಓಡುವುದನ್ನೂ ಇದು ತಡೆಯುವುದಿಲ್ಲ, ಅಂದರೆ ಡಿಸ್ಕ್ ಮೇಲಿನ ಫೈಲ್ ಬದಲಾಗಬಹುದು. ‘ಓಪನ್_ರೀಡ್‌ಓನ್ಲಿ’ಗೂ ಇದಕ್ಕೂ ಇನ್ನೊಂದು ವ್ಯತ್ಯಾಸ ಕೆಲವರನ್ನು ಕಾಡುತ್ತದೆ: ರೀಡ್‌ಓನ್ಲಿ ಆಗಿ ತೆರೆದ ಕನೆಕ್ಷನ್‌ನಲ್ಲಿ ಟೆಂಪ್ ಟೇಬಲ್ ಮಾಡಿ ಲೆಕ್ಕ ಹಾಕಬಹುದು, ಏಕೆಂದರೆ ಟೆಂಪ್ ಬೇರೆಯದೇ ಡೇಟಾಬೇಸ್. ಕ್ವೆರಿ_ಓನ್ಲಿ ಆ ಟೆಂಪ್ ಟೇಬಲನ್ನೂ ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಸ್‌ಕ್ಯೂಎಲ್ ಓಡಿಸಬಲ್ಲ ಯಾರೇ ಆದರೂ ಅದೇ ಪ್ರಾಗ್ಮಾ ಬರೆದು ಅದನ್ನು ಆಫ್ ಮಾಡಬಹುದು. ನಿಮ್ಮ ಕೋಡಿನ ತಪ್ಪಿನಿಂದ ನಿಮ್ಮನ್ನು ಕಾಪಾಡುತ್ತದೆಯೇ ಹೊರತು, ಕೆಡಿಸಲೆಂದೇ ಬಂದವರಿಂದ ಅಲ್ಲ.

ಹೊರಗಿನವರು ಬರೆದ ಎಸ್‌ಕ್ಯೂಎಲ್ ಅನ್ನೂ ನಿಮ್ಮ ಪ್ರೋಗ್ರಾಂ ಓಡಿಸುತ್ತದೆ ಎಂದಾದರೆ ‘ಸೆಟ್_ಆಥರೈಸರ್’ ಬೇಕು. ನೀವು ಕೊಟ್ಟ ಸಿ ಫಂಕ್ಷನ್ನನ್ನು ಲೈಬ್ರರಿ ಪ್ರತಿ ಸ್ಟೇಟ್‌ಮೆಂಟ್ ತಯಾರಾಗುವಾಗ ಕರೆದು, ‘ಈ ಟೇಬಲಿನ ಈ ಕಾಲಂ ಅಪ್‌ಡೇಟ್ ಮಾಡಹೊರಟಿದ್ದಾರೆ, ಬಿಡಲೇ?’ ಎಂದು ಕೇಳುತ್ತದೆ. ‘ಡಿನೈ’ ಎಂದರೆ ಸ್ಟೇಟ್‌ಮೆಂಟ್ ತಯಾರೇ ಆಗುವುದಿಲ್ಲ, 23ನೇ ನಂಬರಿನ ಎರರ್ ಬರುತ್ತದೆ. ದರ ತಿದ್ದಬಹುದು, ಜಿಎಸ್‌ಟಿ ಶೇಕಡಾವಾರು ಮುಟ್ಟುವಂತಿಲ್ಲ ಎಂಬಷ್ಟು ಸೂಕ್ಷ್ಮವಾಗಿ ಇಲ್ಲಿ ಬೇಲಿ ಹಾಕಬಹುದು. ಕ್ವೆರಿ_ಓನ್ಲಿ ಪ್ರಾಗ್ಮಾ ಆಫ್ ಮಾಡುವುದನ್ನೂ ಇಲ್ಲೇ ತಡೆಯಬಹುದು, ಏಕೆಂದರೆ ಪ್ರಾಗ್ಮಾದ ಹೆಸರೂ ನಿಮ್ಮ ಫಂಕ್ಷನ್‌ಗೆ ಬರುತ್ತದೆ. ಇಷ್ಟೆಲ್ಲ ಬೇಡ, ಒಂದು ಟೇಬಲ್ ಸುರಕ್ಷಿತವಾಗಿದ್ದರೆ ಸಾಕು ಎನ್ನುವವರು ‘ಬಿಫೋರ್ ಅಪ್‌ಡೇಟ್’ ಟ್ರಿಗರ್ ಬರೆದು ಅದರೊಳಗೆ ‘ರೈಸ್’ ಮಾಡಿಸುತ್ತಾರೆ. ಟ್ರಿಗರ್ ಫೈಲ್‌ನಲ್ಲೇ ಇರುವುದರಿಂದ ಯಾವ ಪ್ರೋಗ್ರಾಂನಿಂದ ತೆರೆದರೂ ಕೆಲಸ ಮಾಡುತ್ತದೆ, ಡ್ರಾಪ್ ಮಾಡಿದರೆ ಅಷ್ಟೇ ಸುಲಭವಾಗಿ ಹೋಗುತ್ತದೆ.

ಫೈಲ್‌ನೊಳಗಿನ ಬೀಗದ ವಿಚಾರ. ಎಸ್‌ಕ್ಯೂಲೈಟ್ ಫೈಲ್‌ನ ಮೊದಲ 100 ಬೈಟ್ ಹೆಡರ್. ಅದರಲ್ಲೂ ಮೊದಲ 16 ಬೈಟ್ ‘ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3’ ಎಂಬ ಅಕ್ಷರಗಳು, ಕೊನೆಗೊಂದು ಸೊನ್ನೆ ಬೈಟ್. ಆಮೇಲಿನ ಎರಡು ಬೈಟ್ ಪೇಜ್ ಗಾತ್ರ. ಅದಾದ ಮೇಲೆ, ಸೊನ್ನೆಯಿಂದ ಎಣಿಸಿದರೆ 18ನೇ ಬೈಟ್ ‘ಬರೆಯುವ ಆವೃತ್ತಿ’, 19ನೇ ಬೈಟ್ ‘ಓದುವ ಆವೃತ್ತಿ’. ಸಾದಾ ಜರ್ನಲ್ ಇರುವ ಫೈಲ್‌ನಲ್ಲಿ ಎರಡೂ 1, ವಾಲ್ ಮೋಡ್‌ನಲ್ಲಿ ಎರಡೂ 2. ಮುಂದೆಂದಾದರೂ ಫೈಲ್ ರಚನೆ ಬದಲಾದರೆ ಹಳೆಯ ಲೈಬ್ರರಿ ಗೊತ್ತಿಲ್ಲದೆ ಬರೆದು ಕೆಡಿಸಬಾರದು ಎಂದು ಇಟ್ಟ ವ್ಯವಸ್ಥೆಯಿದು. ನಿಯಮ ಸ್ಪಷ್ಟವಾಗಿದೆ: ಓದುವ ಆವೃತ್ತಿ 1 ಅಥವಾ 2 ಇದ್ದು, ಬರೆಯುವ ಆವೃತ್ತಿ 2ಕ್ಕಿಂತ ಹೆಚ್ಚಿದ್ದರೆ ಆ ಡೇಟಾಬೇಸನ್ನು ರೀಡ್‌ಓನ್ಲಿ ಎಂದೇ ಕಾಣಬೇಕು. ಓದುವ ಆವೃತ್ತಿಯೂ 2 ದಾಟಿದರೆ ಓದುವಂತೆಯೂ ಇಲ್ಲ.

ಅಂದರೆ 18ನೇ ಬೈಟನ್ನು 3 ಮಾಡಿ, 19ನೆಯದನ್ನು 1 ಆಗಿಯೇ ಬಿಟ್ಟರೆ ನಿಮಗೆ ಬೇಕಾದದ್ದು ಸಿಕ್ಕಿತು. ಪೆನ್‌ಡ್ರೈವ್‌ಗೆ ಹಾಕಿದರೂ, ಇಮೇಲ್‌ನಲ್ಲಿ ಕಳಿಸಿದರೂ, ವಿಂಡೋಸ್‌ಗೆ ಒಯ್ದರೂ ಆ ಬೈಟ್ ಫೈಲ್‌ನ ಜೊತೆಗೇ ಹೋಗುತ್ತದೆ. 444 ಪರ್ಮಿಷನ್ ಹಾಗೆ ಹೋಗುವುದಿಲ್ಲ. ರೂಟ್ ಆಗಿ ತೆರೆದರೂ ಲೈಬ್ರರಿ ಬರೆಯುವುದಿಲ್ಲ. ಪರ್ಮಿಷನ್ ಆದರೆ ರೂಟ್‌ಗೆ ಲೆಕ್ಕಕ್ಕೇ ಇಲ್ಲ.

ಈ ಬೈಟನ್ನು 3 ಮಾಡಲು ಲೈಬ್ರರಿಯಲ್ಲಿ ಫಂಕ್ಷನ್ ಇಲ್ಲ, ನೀವೇ ಬರೆಯಬೇಕು. ಮೊದಲು ಕಳಿಸುವ ಪ್ರತಿಯನ್ನು ತಯಾರು ಮಾಡಿಕೊಳ್ಳಿ: ‘ಬ್ಯಾಕಪ್_ಇನಿಟ್’, ‘ಬ್ಯಾಕಪ್_ಸ್ಟೆಪ್’, ‘ಬ್ಯಾಕಪ್_ಫಿನಿಷ್’ ಬಳಸಿ ಆಗಬಹುದು, ಅಥವಾ 2019ರ 3.27 ಆವೃತ್ತಿಯಿಂದ ಇರುವ ‘ವ್ಯಾಕ್ಯೂಂ ಇಂಟು’ ಆಗಬಹುದು. ಆ ಪ್ರತಿಯ ಜರ್ನಲ್ ಮೋಡನ್ನು ‘ಡಿಲೀಟ್’ಗೆ ಹಾಕಿ ಮುಚ್ಚಿ. ಆಮೇಲೆ ಪ್ರತ್ಯೇಕವಾದ ಸಣ್ಣ ಸಿ ಪ್ರೋಗ್ರಾಂ: ಫೈಲನ್ನು ಬೈನರಿ ಓದು-ಬರಹದ ಮೋಡ್‌ನಲ್ಲಿ ‘ಎಫ್‌ಓಪನ್’ ಮಾಡಿ, ಮೊದಲ 16 ಬೈಟ್ ಸರಿಯಿದೆಯೇ ಎಂದು ನೋಡಿ, 18 ಮತ್ತು 19ನೇ ಬೈಟ್ ಎರಡೂ 1 ಇವೆಯೇ ಎಂದು ಖಚಿತಪಡಿಸಿಕೊಂಡು, 18ಕ್ಕೆ ‘ಎಫ್‌ಸೀಕ್’ ಮಾಡಿ 3 ಬರೆದು ಮುಚ್ಚುವುದು. ತೆಗೆಯುವುದೂ ಹೀಗೆಯೇ, 3ರ ಜಾಗದಲ್ಲಿ 1.

‘ಪ್ರತ್ಯೇಕ ಪ್ರೋಗ್ರಾಂ’ ಎಂದು ನಾನು ಒತ್ತಿ ಹೇಳಲು ಕಾರಣವಿದೆ. ಲಿನಕ್ಸ್‌ನಲ್ಲಿ ಎಸ್‌ಕ್ಯೂಲೈಟ್ ಬಳಸುವ ಪಾಸಿಕ್ಸ್ ಲಾಕ್‌ಗಳಿಗೆ ಒಂದು ಕೆಟ್ಟ ಗುಣವಿದೆ. ಒಂದು ಪ್ರೋಸೆಸ್ ಒಂದೇ ಫೈಲನ್ನು ಎರಡು ಸಲ ತೆರೆದು, ಒಂದನ್ನು ಮುಚ್ಚಿದರೆ, ಆ ಫೈಲ್ ಮೇಲೆ ಆ ಪ್ರೋಸೆಸ್ ಹಿಡಿದಿದ್ದ ಎಲ್ಲ ಲಾಕ್‌ಗಳೂ ಬಿದ್ದುಹೋಗುತ್ತವೆ. ನಿಮ್ಮ ಮುಖ್ಯ ಪ್ರೋಗ್ರಾಂ ಎಸ್‌ಕ್ಯೂಲೈಟ್ ಮೂಲಕ ಡೇಟಾಬೇಸ್ ತೆರೆದಿರುವಾಗಲೇ ಪಕ್ಕದಲ್ಲಿ ‘ಎಫ್‌ಓಪನ್’ ಮಾಡಿ ಹೆಡರ್ ನೋಡಿ ‘ಎಫ್‌ಕ್ಲೋಸ್’ ಮಾಡಿದಿರಿ ಎನ್ನಿ. ಬರೆಯುವುದು ಬಿಡಿ, ಬರೀ ಓದಿ ಮುಚ್ಚಿದರೂ ಸಾಕು, ಲೈಬ್ರರಿಯ ಲಾಕ್ ಮಾಯ, ಅದು ಲೈಬ್ರರಿಗೆ ಗೊತ್ತೂ ಆಗುವುದಿಲ್ಲ. ಇನ್ನೊಂದು ಪ್ರೋಸೆಸ್ ಅದೇ ಹೊತ್ತಿಗೆ ಬರೆದರೆ ಡೇಟಾಬೇಸ್ ಕೆಡುತ್ತದೆ.

ಪರೀಕ್ಷಿಸುವಾಗಲೂ ಒಂದು ಎಡವಟ್ಟು ಕಾದಿರುತ್ತದೆ. ಬೈಟ್ ಬದಲಿಸಿ, ‘ಓಪನ್_ವಿ2’ ಮಾಡಿ, ಕೂಡಲೇ ‘ಡಿಬಿ_ರೀಡ್‌ಓನ್ಲಿ’ ಕೇಳಿದರೆ 0 ಬರುತ್ತದೆ, ಏನೂ ಆಗಿಲ್ಲ ಎನಿಸುತ್ತದೆ. ತೆರೆಯುವಾಗ ಲೈಬ್ರರಿ ಆವೃತ್ತಿಯ ಬೈಟ್‌ಗಳನ್ನು ನೋಡಿರುವುದಿಲ್ಲ. ಮೊದಲ ಕ್ವೆರಿ ಓಡಿದಾಗ ನೋಡುತ್ತದೆ. ಸ್ಕೀಮಾ ಟೇಬಲಿನಿಂದ ಒಂದು ಸೆಲೆಕ್ಟ್ ಓಡಿಸಿ ಆಮೇಲೆ ಕೇಳಿ, 1 ಬರುತ್ತದೆ. ಬರೆಯಲು ನೋಡಿದರೆ ಬರೀ 8.

ಇದನ್ನು ಭದ್ರತೆ ಎಂದು ಮಾತ್ರ ಗಿರಾಕಿಗೆ ಮಾರಬೇಡಿ. ನೀವು 3 ಬರೆದಂತೆ ಇನ್ನೊಬ್ಬರು ಹೆಕ್ಸ್ ಎಡಿಟರ್‌ನಲ್ಲಿ 1 ಬರೆಯಬಹುದು. ಕೌಂಟರಿನ ಹುಡುಗ ಯಾವುದೋ ಡೇಟಾಬೇಸ್ ಬ್ರೌಸರ್ ಹಾಕಿಕೊಂಡು ದರ ತಿದ್ದುವುದನ್ನು ಇದು ನಿಲ್ಲಿಸುತ್ತದೆ, ತಿಳಿದವರನ್ನು ಅಲ್ಲ. ತಿದ್ದಿದ್ದು ಪತ್ತೆಯಾಗಬೇಕು ಎಂದಾದರೆ ಬೈಟ್ ಬದಲಿಸಿದ ಮೇಲಿನ ಫೈಲ್‌ಗೆ ಎಸ್‌ಎಚ್‌ಎ-256 ಹ್ಯಾಷ್ ತೆಗೆದು, ಡಿಜಿಟಲ್ ಸಹಿ ಹಾಕಿ ಕಳಿಸಿ. ಕೌಂಟರ್ ಪ್ರೋಗ್ರಾಂ ತೆರೆಯುವ ಮುಂಚೆ ತಾಳೆ ನೋಡಲಿ. ಆ ತಾಳೆಗೂ ಫೈಲ್ ತೆರೆದು ಮುಚ್ಚಬೇಕಾದ್ದರಿಂದ ಎಸ್‌ಕ್ಯೂಲೈಟ್ ಕನೆಕ್ಷನ್ ಮಾಡುವುದಕ್ಕೆ ಮೊದಲೇ ಅದನ್ನು ಮುಗಿಸಿಕೊಳ್ಳಿ. ಲಿನಕ್ಸ್ ಯಂತ್ರ ನಿಮ್ಮ ಹಿಡಿತದಲ್ಲೇ ಇದ್ದರೆ ‘ಸಿಎಚ್‌ಆಟ್ರ್’ನ ಇಮ್ಯೂಟಬಲ್ ಗುರುತೂ ಇದೆ, ಅದನ್ನು ತೆಗೆಯುವವರೆಗೆ ರೂಟ್ ಕೂಡ ಬರೆಯಲಾರ, ಅಳಿಸಲಾರ. 444ರಲ್ಲಿ ಆ ಬಲವಿಲ್ಲ: ಫೋಲ್ಡರಿನಲ್ಲಿ ಬರೆಯುವ ಹಕ್ಕಿದ್ದವರು ಫೈಲನ್ನೇ ಅಳಿಸಿ ಬೇರೊಂದನ್ನು ಅಲ್ಲಿ ಇಡಬಹುದು.

ಹೆಸರಿನ ಗೊಂದಲಕ್ಕೆ ಒಂದು ಎಚ್ಚರಿಕೆ. ಎಸ್‌ಕ್ಯೂಲೈಟ್‌ನಲ್ಲೂ ‘ಇಮ್ಯೂಟಬಲ್’ ಎಂಬುದೊಂದಿದೆ, ಅದು ಬೇರೆ. ‘ಓಪನ್_ಯುಆರ್‌ಐ’ ಫ್ಲ್ಯಾಗ್ ಸೇರಿಸಿದರೆ ಫೈಲ್ ಹೆಸರನ್ನು ಯುಆರ್‌ಐ ರೂಪದಲ್ಲಿ ಕೊಟ್ಟು, ಬಾಲಕ್ಕೆ ‘ಮೋಡ್=ಆರ್‌ಓ’ ಅಥವಾ ‘ಇಮ್ಯೂಟಬಲ್=1’ ಹಚ್ಚಬಹುದು. ಮೊದಲನೆಯದು ‘ಓಪನ್_ರೀಡ್‌ಓನ್ಲಿ’ಗೆ ಸಮ, ಅಟ್ಯಾಚ್ ಮಾಡುವ ಎರಡನೇ ಡೇಟಾಬೇಸನ್ನು ಮಾತ್ರ ರೀಡ್‌ಓನ್ಲಿ ಮಾಡಬೇಕೆಂದಾಗ ಬಹಳ ಉಪಯುಕ್ತ. ಎರಡನೆಯದು ಫೈಲನ್ನು ಕಾಪಾಡುವುದಿಲ್ಲ, ‘ಈ ಫೈಲ್ ಬದಲಾಗುವುದಿಲ್ಲ ಎಂದು ನಾನು ಮಾತು ಕೊಡುತ್ತೇನೆ’ ಎಂದು ನೀವು ಲೈಬ್ರರಿಗೆ ಹೇಳಿದಂತೆ. ಲೈಬ್ರರಿ ನಂಬಿ, ಲಾಕ್ ಹಾಕುವುದನ್ನೂ ಬದಲಾವಣೆ ನೋಡುವುದನ್ನೂ ಬಿಟ್ಟುಬಿಡುತ್ತದೆ. ವಾಲ್ ಫೈಲ್ ಪಕ್ಕದಲ್ಲಿದ್ದರೂ ಅದರತ್ತ ತಿರುಗಿ ನೋಡುವುದಿಲ್ಲ. ನಿಮ್ಮ ಮಾತು ಸುಳ್ಳಾದರೆ ತಪ್ಪು ಉತ್ತರ ಅಥವಾ ‘ಡೇಟಾಬೇಸ್ ಕೆಟ್ಟಿದೆ’ ಎಂಬ ಎರರ್. ಸಿಡಿಯಂಥ ಬರೆಯಲಾಗದ ಮಾಧ್ಯಮಕ್ಕೆ ಅದು ಸರಿ. ವಾರಕ್ಕೊಮ್ಮೆ ಬದಲಾಗುವ ದರಪಟ್ಟಿಗೆ ನಾನಂತೂ ಬಳಸುವುದಿಲ್ಲ.

ಆಫೀಸಿನ ಮೂಲ ಡೇಟಾಬೇಸ್ ವಾಲ್ ಮೋಡ್‌ನಲ್ಲಿ ಇದ್ದು, ಅದನ್ನೇ ಇನ್ನೊಂದು ಬಳಕೆದಾರ ಖಾತೆಯ ಪ್ರೋಗ್ರಾಂ ಓದಲು ಮಾತ್ರ ತೆರೆಯಬೇಕಾದರೆ ಇನ್ನೊಂದು ವಿಷಯವಿದೆ. ವಾಲ್‌ನಲ್ಲಿ ಓದುವವರಿಗೂ ‘-ವಾಲ್’ ಮತ್ತು ‘-ಎಸ್‌ಎಚ್‌ಎಂ’ ಎಂಬ ಪಕ್ಕದ ಫೈಲ್‌ಗಳು ಬೇಕು. 2018ರ 3.22ಕ್ಕಿಂತ ಹಿಂದಿನ ಲೈಬ್ರರಿಯಲ್ಲಿ ಬರೆಯುವ ಹಕ್ಕಿಲ್ಲದೆ ವಾಲ್ ಡೇಟಾಬೇಸ್ ಓದುವಂತೆಯೇ ಇರಲಿಲ್ಲ. ಈಗ ಆ ಎರಡು ಫೈಲ್ ಮೊದಲೇ ಇದ್ದು ಓದಲು ಸಿಕ್ಕರೆ ಸಾಕು. ಆದರೆ ಕೊನೆಯ ಕನೆಕ್ಷನ್ ಮುಚ್ಚಿದಾಗ ಲೈಬ್ರರಿ ಅವನ್ನು ಅಳಿಸುತ್ತದೆ. ಹಾಗಾಗಿ ಬರೆಯುವ ಪ್ರೋಗ್ರಾಂನಲ್ಲಿ ‘ಫೈಲ್_ಕಂಟ್ರೋಲ್’ ಮೂಲಕ ‘ಎಫ್‌ಸಿಎನ್‌ಟಿಎಲ್_ಪರ್ಸಿಸ್ಟ್_ವಾಲ್’ ಆನ್ ಮಾಡಿ, ಅವು ಉಳಿಯುತ್ತವೆ.

ಕೌಂಟರ್‌ಗೆ ಹೊಸ ದರಪಟ್ಟಿ ಹೋಗುವ ದಾರಿಯನ್ನು ಬದಲಿಸಿದರೆ ನಿಮ್ಮ 644-444 ಕುಣಿತವೇ ನಿಲ್ಲುತ್ತದೆ. ಅಲ್ಲಿರುವ ಫೈಲನ್ನು ತಿದ್ದಬೇಡಿ. ಬೈಟ್ ಬದಲಿಸಿದ ಹೊಸ ಪ್ರತಿಯನ್ನು ಅದೇ ಫೋಲ್ಡರಿಗೆ ಬೇರೆ ಹೆಸರಿನಲ್ಲಿ ಇಳಿಸಿ, ತಾಳೆ ನೋಡಿ, ‘ರಿನೇಮ್’ ಮಾಡಿ ಹಳೆಯದರ ಜಾಗಕ್ಕೆ ಕೂರಿಸಿ. ಲಿನಕ್ಸ್‌ನಲ್ಲಿ ಇದು ಒಂದೇ ಏಟಿಗೆ ಆಗುತ್ತದೆ, ಅರ್ಧಂಬರ್ಧ ಫೈಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಕೂರಿಸುವ ಮುಂಚೆ ಹಳೆಯ ಹೆಸರಿನ ಜರ್ನಲ್ ಅಥವಾ ವಾಲ್ ಫೈಲ್ ಅಲ್ಲಿ ಬಿದ್ದಿಲ್ಲ ಎಂದು ನೋಡಿಕೊಳ್ಳಿ. ಹಳೆಯ ಡೇಟಾಬೇಸ್‌ನ ಜರ್ನಲ್ ಹೊಸದರ ಮೇಲೆ ಓಡಿದರೆ ಹೊಸದು ಹಾಳು. ಕೌಂಟರ್‌ಗಳು ರೀಡ್‌ಓನ್ಲಿ ಆಗಿ, ಡಿಲೀಟ್ ಜರ್ನಲ್ ಮೋಡ್‌ನ ಫೈಲನ್ನೇ ಓದುತ್ತಿದ್ದರೆ ಅಂಥದ್ದು ಹುಟ್ಟುವ ಸಂದರ್ಭವೇ ಬರದು.

ರಿನೇಮ್ ಆದ ಮೇಲೂ ತೆರೆದಿರುವ ಕೌಂಟರ್ ಪ್ರೋಗ್ರಾಂ ಹಳೆಯ ಫೈಲನ್ನೇ ಓದುತ್ತಿರುತ್ತದೆ, ಹೆಸರು ಹೋದರೂ ಡಿಸ್ಕ್ರಿಪ್ಟರ್ ಹಿಡಿದಿರುವವರೆಗೆ ಅದು ಬದುಕಿರುತ್ತದೆ. ಪ್ರತಿ ಬಿಲ್ ಶುರುವಾಗುವಾಗ ‘ಫೈಲ್_ಕಂಟ್ರೋಲ್’ಗೆ ‘ಎಫ್‌ಸಿಎನ್‌ಟಿಎಲ್_ಹ್ಯಾಸ್_ಮೂವ್ಡ್’ ಕೊಟ್ಟು ಕೇಳಿ. ನೀವು ಕೊಟ್ಟ ಇಂಟಿಜರ್‌ನಲ್ಲಿ 1 ತುಂಬಿ ಬಂದರೆ ಫೈಲ್ ಬದಲಾಗಿದೆ ಎಂದರ್ಥ. ಕನೆಕ್ಷನ್ ಮುಚ್ಚಿ, ಹ್ಯಾಷ್ ತಾಳೆ ನೋಡಿ, ‘ಓಪನ್_ರೀಡ್‌ಓನ್ಲಿ’ಯೊಂದಿಗೆ ಮತ್ತೆ ತೆರೆದು ಬಿಲ್ ಮುಂದುವರಿಸಿ. ಈ ಕೊನೆಯ ಎರಡು ಪ್ಯಾರಾದ ವಿಧಾನ ಲಿನಕ್ಸ್‌ಗೆ. ವಿಂಡೋಸ್ ಕೌಂಟರ್‌ಗಳಲ್ಲಿ ತೆರೆದಿರುವ ಫೈಲ್ ಮೇಲೆ ಹೀಗೆ ರಿನೇಮ್ ನಡೆಯುವುದಿಲ್ಲ; ಅಲ್ಲಿ ಫೈಲ್ ಹೆಸರಿನಲ್ಲೇ ತಾರೀಖು ಸೇರಿಸಿ, ಬಿಲ್ ಶುರುವಾಗುವಾಗ ಎಲ್ಲಕ್ಕಿಂತ ಹೊಸದು ಯಾವುದೋ ಅದನ್ನು ತೆರೆಯುವಂತೆ ಬರೆಯಿರಿ.